ಕ್ಯಾಮೆರಾ ಅಗ್ಗವಾಯಿತು, ಛಾಯಾಗ್ರಾಹಕರ ಪಾಡೇನು?

2003ರ ಆಗಸ್ಟ್‌ನಲ್ಲಿ ಕ್ಯಾನನ್ ಕಂಪನಿ ಇಒಎಸ್ 300ಡಿ ಎಂಬ ಕ್ಯಾಮೆರಾವನ್ನು ಹೊರತಂದಿತು. ಪ್ಲಾಸ್ಟಿಕ್ ಮೈ, ಬೆಳ್ಳಿಯ ಬಣ್ಣ. ಗಂಭೀರ ವೃತ್ತಿಯವರು ಕುತ್ತಿಗೆಗೆ ಹಾಕಿಕೊಳ್ಳಲು ನಾಚುವಂಥ ರೂಪ. ಲೆನ್ಸ್ ಬಿಟ್ಟು ಬರೀ ಬಾಡಿಗೆ ಅಮೆರಿಕದಲ್ಲಿ 899 ಡಾಲರ್. ಲೆನ್ಸ್ ಬದಲಾಯಿಸಬಹುದಾದ ಡಿಜಿಟಲ್ ಎಸ್‌ಎಲ್‌ಆರ್ ಒಂದರ ಬೆಲೆ ಸಾವಿರ ಡಾಲರಿಗಿಂತ ಕೆಳಗಿಳಿದದ್ದು ಅದೇ ಮೊದಲು. ಅದೇ ವರ್ಷದ ಆರಂಭದಲ್ಲಿ ಬಂದಿದ್ದ, ಸುಮಾರು 1,500 ಡಾಲರ್ ಬೆಲೆಯ 10ಡಿ ಕ್ಯಾಮೆರಾದಲ್ಲಿದ್ದಂಥ 63 ಲಕ್ಷ ಪಿಕ್ಸೆಲ್‌ಗಳ ಸೆನ್ಸರ್ ಇದರಲ್ಲೂ ಇತ್ತು. ಚಿತ್ರವನ್ನು ಅಚ್ಚು ಹಾಕಿಸಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದೆಂದು ಹೇಳುವುದು ಕಷ್ಟ.

ಹಾಗಾದರೆ ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು? ಸ್ವಲ್ಪ ಮೈಗಟ್ಟಿಯಿಂದ, ಸ್ವಲ್ಪ ವೇಗದಿಂದ. ಉಳಿದದ್ದು ಬರೀ ಬೀಗ. ಫ್ಲ್ಯಾಷಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು, ಬೆಳಕಿನ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸುವುದು ಮುಂತಾದ ಸೌಲಭ್ಯಗಳು 300ಡಿಯ ತಂತ್ರಾಂಶದಲ್ಲಿ ಮುಚ್ಚಿಹೋಗಿದ್ದವು. ಕೆಲವೇ ತಿಂಗಳಲ್ಲಿ ಹವ್ಯಾಸಿಗಳು ಆ ತಂತ್ರಾಂಶವನ್ನು ಬಿಚ್ಚಿ, ಮುಚ್ಚಿಟ್ಟದ್ದನ್ನು ತೆರೆದು, ಎಲ್ಲರಿಗೂ ಪುಕ್ಕಟೆಯಾಗಿ ಹಂಚಿದರು. ವೃತ್ತಿಪರರ ಕ್ಯಾಮೆರಾ ಮತ್ತು ಹವ್ಯಾಸಿಗಳ ಕ್ಯಾಮೆರಾದ ನಡುವಿನ ಗೋಡೆಯಲ್ಲಿ ಒಂದಷ್ಟು ಇಟ್ಟಿಗೆ ತಂತ್ರಜ್ಞಾನದ್ದು, ಒಂದಷ್ಟು ವ್ಯಾಪಾರದ್ದು ಎಂಬುದು ಆಗ ಬಯಲಾಯಿತು.

ಈ ದತ್ತಿ ಉಪನ್ಯಾಸದ ವಿಷಯ ಆ ಗೋಡೆ ಬಿದ್ದ ಮೇಲಿನ ಕಥೆ. ಒಳ್ಳೆಯ ಕ್ಯಾಮೆರಾ ಅಗ್ಗವಾದದ್ದರಿಂದ ಛಾಯಾಗ್ರಾಹಕರ ಹೊಟ್ಟೆಗೆ ಕಲ್ಲು ಬಿತ್ತು ಎಂಬುದು ಸಾಮಾನ್ಯವಾಗಿ ಕೇಳುವ ದೂರು. ಕಲೆ ಇದ್ದವನಿಗೆ ಯಾವ ಕ್ಯಾಮೆರಾ ಬಂದರೇನು ಎಂಬುದು ಅದಕ್ಕೆ ಸಿಗುವ ಸಿದ್ಧ ಉತ್ತರ. ಎರಡೂ ಅರ್ಧ ಸತ್ಯಗಳು. ಅಗ್ಗದ ಕ್ಯಾಮೆರಾ ಪಳಗಿದ ಕೈಗಳನ್ನು ಅಷ್ಟಾಗಿ ಅಲುಗಿಸಲಿಲ್ಲ. ಅದು ಕಿತ್ತುಕೊಂಡದ್ದು ಪಳಗುವ ತನಕ ಹೊಟ್ಟೆ ಹೊರೆಯುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು. ಅದನ್ನೂ ಒಂಟಿಯಾಗಿ ಮಾಡಲಿಲ್ಲ, ಜೊತೆಗಾರರಿದ್ದರು.

ಈ ಭಯ ಹೊಸದೇನಲ್ಲ. 1839ರಲ್ಲಿ ದಾಗೇರ್‌ನ ಛಾಯಾಗ್ರಹಣ ವಿಧಾನ ಬಹಿರಂಗವಾದಾಗ ಕೆಲಸ ಕಳೆದುಕೊಂಡವರು ಕಿರುಭಾವಚಿತ್ರ ಬರೆಯುವ ಚಿತ್ರಕಾರರು. ಅವರಲ್ಲಿ ಹಲವರು ಹೋಗಿ ಛಾಯಾಗ್ರಾಹಕರೇ ಆದರು. 1854ರಲ್ಲಿ ಪ್ಯಾರಿಸಿನ ದಿಸ್ದೆರಿ ಒಂದೇ ಗಾಜಿನ ಫಲಕದ ಮೇಲೆ ಎಂಟು ಪುಟ್ಟ ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಾಗ, ದುಬಾರಿ ಸ್ಟುಡಿಯೋಗಳು ಇನ್ನೇನು ಮುಗಿಯಿತು ಎಂದುಕೊಂಡವು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡಾಕ್ ಪೆಟ್ಟಿಗೆಯನ್ನು 25 ಡಾಲರಿಗೆ ಮಾರಿದರು. ಸುರುಳಿ ಮುಗಿದರೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ತೊಳೆದು ಅಚ್ಚು ಹಾಕಿ ಹೊಸ ಸುರುಳಿ ತುಂಬಿ ವಾಪಸು ಕೊಡುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಗೆ ಒಂದೇ ಡಾಲರ್. ಮೊದಲ ವರ್ಷವೇ ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಬ್ರೌನಿ ಏನು ಮಾಡಿತು ಎಂಬುದಕ್ಕೆ ಇಬ್ಬರನ್ನು ನೆನೆಯಬಹುದು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ, ಬದುಕುಳಿದವರನ್ನು ಎತ್ತಿಕೊಂಡ ಕಾರ್ಪೇಥಿಯಾ ಹಡಗಿನಲ್ಲಿ ಬರ್ನೀಸ್ ಪಾಮರ್ ಎಂಬ 17 ವರ್ಷದ ಕೆನಡಾದ ಹುಡುಗಿ ಇದ್ದಳು. ಕೈಯಲ್ಲಿ ಬ್ರೌನಿ. ಹಿಮಗಡ್ಡೆಯನ್ನೂ ಡೆಕ್ಕಿನ ಮೇಲೆ ಕಂಬಳಿ ಹೊದ್ದು ಕೂತ ಜನರನ್ನೂ ಸೆರೆಹಿಡಿದಳು. ನ್ಯೂಯಾರ್ಕ್ ತಲುಪಿದಾಗ ಸುದ್ದಿಚಿತ್ರ ಸಂಸ್ಥೆಯೊಂದು ಅವಳಿಂದ ಹಕ್ಕನ್ನು ಕೊಂಡಿತು, ಹತ್ತು ಡಾಲರಿಗೆ. ಆ ಚಿತ್ರಗಳ ಬೆಲೆ ಅವಳಿಗೆ ಗೊತ್ತಿರಲಿಲ್ಲ, ಕೊಂಡವರಿಗೆ ಗೊತ್ತಿತ್ತು. ಇನ್ನೊಬ್ಬರು ವರ್ಜೀನಿಯಾ ಶೌ. 1953ರಲ್ಲಿ ಕ್ಯಾಲಿಫೋರ್ನಿಯಾದ ಸೇತುವೆಯೊಂದರಿಂದ ಲಾರಿಯ ಮುಂಭಾಗ ಕೆಳಗೆ ಜೋತುಬಿದ್ದು, ಚಾಲಕನನ್ನು ಹಗ್ಗದಿಂದ ಮೇಲೆಳೆಯುತ್ತಿದ್ದ ದೃಶ್ಯವನ್ನು ಅವರು ಬ್ರೌನಿಯಲ್ಲೇ ತೆಗೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಅವರು ವೃತ್ತಿಯ ಛಾಯಾಗ್ರಾಹಕಿ ಆಗಿರಲಿಲ್ಲ.

ಸ್ಥಳದಲ್ಲಿದ್ದವರ ಕೈಯಲ್ಲಿ ಕ್ಯಾಮೆರಾ ಇದ್ದರೆ ವೃತ್ತಿಯವರಿಗಿಂತ ಮೊದಲು ಚಿತ್ರ ಅವರದಾಗುತ್ತದೆ. ಮೊಬೈಲ್ ಬರುವುದಕ್ಕೆ ಹಲವು ದಶಕ ಮೊದಲೇ ಇದು ತೀರ್ಮಾನವಾಗಿದ್ದ ಸಂಗತಿ.

ಈಗ ನಮ್ಮ ಊರುಗಳ ಸ್ಟುಡಿಯೋಗೆ ಬರೋಣ. ಎಪ್ಪತ್ತು ಎಂಬತ್ತರ ದಶಕದಲ್ಲಿ ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ಸ್ಟುಡಿಯೋ ಎಂದರೆ ಬಣ್ಣ ಬಳಿದ ಪರದೆ, ಎರಡು ದೀಪ, ಒಂದು ಸ್ಟೂಲು, ತಲೆ ಬಾಚಿಕೊಳ್ಳಲು ಬಾಚಣಿಗೆ ಮತ್ತು ಪೌಡರ್ ಡಬ್ಬಿ. ಮೊಗ್ಗಿನ ಜಡೆ ಹೆಣೆಸಿಕೊಂಡ ಹುಡುಗಿಯನ್ನು ನಿಲುವುಗನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುವುದು ಸ್ಟುಡಿಯೋದವರ ಕೈಚಳಕ. ಕನ್ನಡಿಯಲ್ಲಿ ದೀಪವೂ ಬೀಳಬಾರದು, ತಾನೂ ಕಾಣಬಾರದು. ಕ್ಯಾಮೆರಾ ಯಾಶಿಕಾದ ಎರಡು ಲೆನ್ಸಿನ ಪೆಟ್ಟಿಗೆ. 120 ಅಳತೆಯ ರೋಲಿಗೆ ಹನ್ನೆರಡೇ ಚಿತ್ರ. ಫಿಲ್ಮು ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಆಗಿರಬಹುದು. ಒಳಗೆ ಕೆಂಪು ದೀಪದ ಕತ್ತಲೆ ಕೋಣೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ ಕಲೆಗಳನ್ನು ಅಳಿಸುವ ರೀಟಚಿಂಗ್ ಕಲಿಯಲು ಹುಡುಗರು ವರ್ಷಗಟ್ಟಲೆ ಕೂರುತ್ತಿದ್ದರು.

ಜನರ ಕೈಯಲ್ಲಿ ಆಗಲೂ ಕ್ಯಾಮೆರಾ ಇರಲಿಲ್ಲವೆಂದಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಮಧ್ಯಮವರ್ಗದ ಮನೆಗಳಲ್ಲಿತ್ತು. ಆಮೇಲೆ ಹಾಟ್‌ಶಾಟ್ ಬಂತು, ಕೊಡಾಕ್ ಕೆಬಿ-10 ಬಂತು. ಆದರೂ ಮದುವೆಗೆ ಸ್ಟುಡಿಯೋದವರೇ ಬೇಕು. ಯಾಕೆಂದರೆ ಮನೆಯ ಕ್ಯಾಮೆರಾದಲ್ಲಿ ತೆಗೆದದ್ದು ಬಂದಿದೆಯೋ ಇಲ್ಲವೋ ಎಂದು ತಿಳಿಯುವುದು ರೋಲು ತೊಳೆಸಿದ ಮೇಲೆ. ಸ್ಟುಡಿಯೋ ಮಾರುತ್ತಿದ್ದುದು ಚಿತ್ರದ ಸೌಂದರ್ಯಕ್ಕಿಂತ ಹೆಚ್ಚಾಗಿ, ಚಿತ್ರ ಬಂದೇ ಬರುತ್ತದೆ ಎಂಬ ಭರವಸೆಯನ್ನು. ಬೆಳಕಿನ ಲೆಕ್ಕ, ತೊಳೆಯುವ ರಸಾಯನಗಳ ಹದ, ಕತ್ತಲೆ ಕೋಣೆಯ ಗುಟ್ಟು ಇವೆಲ್ಲ ಒಂದು ಸುಂಕದ ಕಟ್ಟೆ ಇದ್ದಹಾಗೆ. ಆ ದಾರಿಯಲ್ಲಿ ಹೋಗುವವರೆಲ್ಲ ಅಲ್ಲಿ ಕಾಸು ಕೊಟ್ಟೇ ಮುಂದೆ ಹೋಗಬೇಕಿತ್ತು.

ಡಿಜಿಟಲ್ ಕ್ಯಾಮೆರಾ ಮೊದಲು ಆ ಕಟ್ಟೆಯನ್ನು ಒಡೆಯಿತು. ತೆಗೆದ ಕ್ಷಣವೇ ಹಿಂದಿನ ಪರದೆಯಲ್ಲಿ ಚಿತ್ರ. ಬರದಿದ್ದರೆ ಮತ್ತೊಮ್ಮೆ ತೆಗೆದರಾಯಿತು, ಖರ್ಚಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಗುರು ಇರಲಿಲ್ಲ. ಹತ್ತು ರೋಲು ಹಾಳು ಮಾಡಿ ಕಲಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾಯಿತು.

ಆ ಹಂತಕ್ಕೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು. 1975ರಲ್ಲಿ ಕೊಡಾಕ್‌ನ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ ತೂಕ ಮೂರೂವರೆ ಕಿಲೋ ದಾಟಿತ್ತು. ಹತ್ತು ಸಾವಿರ ಪಿಕ್ಸೆಲ್‌ಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. 1991ರಲ್ಲಿ ಅದೇ ಕಂಪನಿ ನಿಕಾನ್ ಎಫ್3 ಬಾಡಿಗೆ ಜೋಡಿಸಿ ಮಾರಿದ ಡಿಸಿಎಸ್ ಕ್ಯಾಮೆರಾಗೆ ಸುಮಾರು 20,000 ಡಾಲರ್, 13 ಲಕ್ಷ ಪಿಕ್ಸೆಲ್. ಕೊಳ್ಳುವವರು ಹೆಚ್ಚಾಗಿ ಪತ್ರಿಕಾ ಸಂಸ್ಥೆಗಳು. 1999ರ ನಿಕಾನ್ ಡಿ1ಕ್ಕೆ ಸುಮಾರು ಐದು ಸಾವಿರ ಡಾಲರ್. ನಂತರ 300ಡಿ. 2005ರಲ್ಲಿ ಕ್ಯಾನನ್ 5ಡಿ, 3,299 ಡಾಲರಿಗೆ ಫುಲ್ ಫ್ರೇಮ್.

ಫುಲ್ ಫ್ರೇಮ್ ಯಾಕೆ ದುಬಾರಿ ಎಂಬುದು ಸುಲಭದ ಲೆಕ್ಕ. 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಸೆನ್ಸರಿಗೆ 864 ಚದರ ಮಿ.ಮೀ. ಸಿಲಿಕಾನ್ ಬೇಕು. ಸಾಮಾನ್ಯ ಕ್ರಾಪ್ ಸೆನ್ಸರಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಸಿಲಿಕಾನ್ ಬಿಲ್ಲೆಯ ಮೇಲೆ ಸರಿಪಡಿಸಲಾಗದ ದೋಷವಿದ್ದರೆ ಆ ಜಾಗದ ಸೆನ್ಸರ್ ಕಸಕ್ಕೆ. ತುಂಡು ದೊಡ್ಡದಾದಷ್ಟೂ ಕಸವೂ ಹೆಚ್ಚು. ತಯಾರಿಕೆ ಪಳಗಿದಂತೆ ಕಸ ಕಡಿಮೆಯಾಯಿತು, ಬೆಲೆ ಇಳಿಯಿತು. ನಮ್ಮಲ್ಲಿ ಇದಕ್ಕೆ ತೆರಿಗೆಯ ಇಳಿತವೂ ಸೇರಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾ ಶೇ 28ರ ಪಟ್ಟಿಯಲ್ಲಿತ್ತು. 2019ರ ಜನವರಿ 1ರಿಂದ ಅದು ಶೇ 18ಕ್ಕೆ ಇಳಿಯಿತು. ಹೊಟ್ಟೆಪಾಡಿನ ಸಲಕರಣೆಯನ್ನು ಭೋಗದ ವಸ್ತುಗಳ ಸಾಲಿನಲ್ಲಿ ಕೂರಿಸಿದ್ದು ಆ ಒಂದೂವರೆ ವರ್ಷದ ವಿಚಿತ್ರ.

ಇಷ್ಟಾದರೂ ಊರಿನ ಸ್ಟುಡಿಯೋಗೆ ಬಿದ್ದ ದೊಡ್ಡ ಪೆಟ್ಟು ಅಗ್ಗದ ಎಸ್‌ಎಲ್‌ಆರ್‌ನಿಂದ ಬಂದದ್ದಲ್ಲ. ಅದು ಸರ್ಕಾರಿ ಕಚೇರಿಯ ಮೇಜಿನ ಮೇಲಿನ ಪುಟ್ಟ ಕ್ಯಾಮೆರಾದಿಂದ ಬಂತು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಮೊದಲು ಬಾಗಿಲು ತೆರೆದ ಊರುಗಳಲ್ಲಿ ಬೆಂಗಳೂರೂ ಒಂದು. ಅಲ್ಲಿ ಅರ್ಜಿದಾರರ ಚಿತ್ರವನ್ನು ಅಲ್ಲೇ ತೆಗೆದರು. ಆಧಾರ್ ನೋಂದಣಿಯಲ್ಲೂ ಅಷ್ಟೇ, ಚಾಲನಾ ಪರವಾನಗಿಗೂ ಅಷ್ಟೇ. ಪಾಸ್‌ಪೋರ್ಟ್ ಸೈಜಿನ ಚಿತ್ರ ಎಂದರೆ ಸ್ಟುಡಿಯೋದ ದಿನದ ಅನ್ನ. ಮದುವೆ ಸೀಸನ್ನಿನದು, ಆಷಾಢದಲ್ಲಿ ಇಲ್ಲ. ಆಷಾಢದ ಬಾಡಿಗೆ ಕಟ್ಟುತ್ತಿದ್ದುದು ಶಾಲಾ ಪ್ರವೇಶದ, ಪರೀಕ್ಷಾ ಅರ್ಜಿಯ, ಪಾಸ್‌ಪೋರ್ಟಿನ ಚಿತ್ರಗಳು. ಆ ಆದಾಯ ಒಂದೊಂದೇ ಕಚೇರಿಯ ಪಾಲಾಯಿತು. ಕಚೇರಿಯಲ್ಲಿ ತೆಗೆದ ಆ ಚಿತ್ರಗಳಲ್ಲಿ ನಮ್ಮ ಮುಖ ನಮಗೇ ಗುರುತು ಸಿಗುವುದಿಲ್ಲ ಎಂಬುದು ಬೇರೆ ಮಾತು. ಸ್ಟುಡಿಯೋದವರು ಗುಣಮಟ್ಟದಲ್ಲಿ ಸೋತು ಕಳೆದುಕೊಂಡ ಕೆಲಸವಲ್ಲ ಅದು.

ಇನ್ನು ಮೊಬೈಲ್. ಅದರ ಹೊಡೆತಕ್ಕೆ ಮೊದಲು ಉರುಳಿದ್ದು ಕ್ಯಾಮೆರಾ ಕಂಪನಿಗಳೇ. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಸತ್ತದ್ದು ಹೆಚ್ಚಾಗಿ ಜೇಬಿನ ಕ್ಯಾಮೆರಾ. ಲೆನ್ಸ್ ಬದಲಿಸುವ ಕ್ಯಾಮೆರಾಗಳೂ 2012ರ ಸುಮಾರು 2 ಕೋಟಿಯಿಂದ 60 ಲಕ್ಷದ ಹತ್ತಿರಕ್ಕೆ ಇಳಿದವು. ಕಂಪನಿಗಳು ಈಗ ಕಡಿಮೆ ಕ್ಯಾಮೆರಾ ಮಾಡಿ ಹೆಚ್ಚು ಬೆಲೆಗೆ ಮಾರುವ ಹಾದಿ ಹಿಡಿದಿವೆ. ಅಗ್ಗದ ಕ್ಯಾಮೆರಾದ ಕಾಲ ಹೀಗೇ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಪತ್ರಿಕೆಗಳ ಕಡೆಯ ಕಥೆ ಒರಟಾಗಿದೆ. 2013ರ ಮೇ ತಿಂಗಳ ಕೊನೆಗೆ ಶಿಕಾಗೋ ಸನ್‌ಟೈಮ್ಸ್ ಪತ್ರಿಕೆ ತನ್ನ 28 ಛಾಯಾಗ್ರಾಹಕರನ್ನೂ ಒಂದೇ ದಿನ ಮನೆಗೆ ಕಳಿಸಿತು. ಅವರಲ್ಲಿ ಪುಲಿಟ್ಜರ್ ಪಡೆದ ಜಾನ್ ಎಚ್. ವೈಟ್ ಕೂಡ ಇದ್ದರು. ವರದಿಗಾರರಿಗೆ ಐಫೋನ್‌ನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಡಲಾಯಿತು. ಮರುವರ್ಷ ಆಡಳಿತ ಮಂಡಳಿ ನಾಲ್ವರನ್ನು ಮರಳಿ ಸೇರಿಸಿಕೊಂಡಿತು. ಪತ್ರಿಕೆಗೆ ಛಾಯಾಗ್ರಾಹಕರು ಬೇಕೇ ಬೇಕು, ಆದರೆ ಇಪ್ಪತ್ತೆಂಟು ಜನ ಬೇಡ ಎಂದಾಯಿತು. ಇಂಥ ಬಳಗಗಳಲ್ಲೇ ಕಿರಿಯರು ಹಿರಿಯರ ಜೊತೆ ಓಡಾಡಿ ಕೆಲಸ ಕಲಿಯುತ್ತಿದ್ದುದು. ನಾಲ್ಕೇ ಜನ ಇರುವಲ್ಲಿ ಕಿರಿಯರಿಗೆ ಜಾಗ ಇರುವುದಿಲ್ಲ. ಮೊದಲು ಹೇಳಿದ ಸಣ್ಣ ಕೆಲಸಗಳ ನಷ್ಟ ಹೀಗೆ ದೊಡ್ಡ ಊರಿನ ದೊಡ್ಡ ಪತ್ರಿಕೆಯಲ್ಲೂ ಕಾಣುತ್ತದೆ.

ಲಾಭದ ಕಡೆ ನೋಡಬೇಕಾದ್ದು ಹೊಸದಾಗಿ ಒಳಗೆ ಬಂದವರನ್ನು. ಫಿಲ್ಮಿನ ಕಾಲದಲ್ಲಿ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಹೆಸರಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು. ಅದು ಹಣ, ತಾಳ್ಮೆ, ಬಿಡುವು ಮೂರೂ ಬೇಡುವ ವಿದ್ಯೆ. ರೋಲಿನ ಖರ್ಚನ್ನು ಕಾಡು ವಾಪಸು ಕೊಡುವುದಿಲ್ಲ. ಡಿಜಿಟಲ್ ಬಂದ ಮೇಲೆ ಯಾಹೂ ಕಂಪನಿಯ ಕೆಲಸ ಬಿಟ್ಟು ಬಂದ ಕಲ್ಯಾಣ್ ವರ್ಮಾ, ತಂತ್ರಾಂಶ ಕ್ಷೇತ್ರದಿಂದಲೇ ಬಂದ ಅಮೋಘವರ್ಷ ಸೇರಿ 2020ರಲ್ಲಿ ತೆರೆಗೆ ತಂದ ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಗಳಲ್ಲಿ ಓಡಿತು. ಡೇವಿಡ್ ಅಟೆನ್‌ಬರೋ ಅದಕ್ಕೆ ದನಿ ಕೊಟ್ಟರು.

ಅವರದು ನಗರದ, ಸಂಬಳದ ಹಿನ್ನೆಲೆ ಎನ್ನಬಹುದು. ಹಾಗಾದರೆ ಪಕ್ಕದ ತಮಿಳುನಾಡಿನ ಎಂ. ಪಳನಿಕುಮಾರ್ ಅವರನ್ನು ನೋಡಬೇಕು. ತಾಯಿ ಮೀನು ಮಾರಿ ಮನೆ ನಡೆಸಿದವರು. ಮಗ ಚರಂಡಿಗೆ ಇಳಿಯುವ ಪೌರಕಾರ್ಮಿಕರ, ಉಪ್ಪಿನ ಗದ್ದೆಯ, ಮೀನುಗಾರ ಹೆಂಗಸರ ಬದುಕನ್ನು ಚಿತ್ರಿಸುತ್ತಾ ಹೋದರು. ಮಲ ಹೊರುವ ಪದ್ಧತಿಯ ಬಗ್ಗೆ 2017ರಲ್ಲಿ ಬಂದ ‘ಕಕ್ಕೂಸ್’ ಸಾಕ್ಷ್ಯಚಿತ್ರದ ಕ್ಯಾಮೆರಾ ಅವರದು. ಆಮೇಲೆ ಗ್ರಾಮೀಣ ಭಾರತದ ವರದಿಗಳಿಗೆ ಮೀಸಲಾದ ‘ಪರಿ’ ಸಂಸ್ಥೆಯ ಛಾಯಾಗ್ರಾಹಕರಾದರು. ಕ್ಯಾಮೆರಾ, ರೋಲು ಎರಡೂ ದುಬಾರಿಯಾಗಿದ್ದ ಕಾಲದಲ್ಲಿ ಇಂಥ ಮನೆಗಳಿಂದ ಬಂದವರು ಚಿತ್ರದ ಒಳಗೆ ಮಾತ್ರ ಇರುತ್ತಿದ್ದರು. ಕ್ಯಾಮೆರಾದ ಹಿಂದೆ ನಿಲ್ಲುವವರು ಬದಲಾದರೆ ಯಾವುದನ್ನು ಚಿತ್ರಿಸಬೇಕು ಎಂಬುದೂ ಬದಲಾಗುತ್ತದೆ. ಅಗ್ಗದ ಕ್ಯಾಮೆರಾ ಮಾಡಿದ ಎಲ್ಲ ಹಾನಿಯನ್ನೂ ತಕ್ಕಡಿಯ ಒಂದು ಕಡೆ ಹಾಕಿದರೂ ಇದೊಂದು ಸಾಕು ಎನಿಸುತ್ತದೆ.

ಸಿನಿಮಾದ್ದೂ ಒಂದು ಮಾತು. 2008ರಲ್ಲಿ 2,699 ಡಾಲರಿಗೆ ಬಂದ ಕ್ಯಾನನ್ 5ಡಿ ಮಾರ್ಕ್ 2 ಸ್ಥಿರಚಿತ್ರದವರಿಗಾಗಿ ಮಾಡಿದ ಕ್ಯಾಮೆರಾ, ವಿಡಿಯೋ ಅದರಲ್ಲಿ ಸೇರಿಸಿದ್ದು ಅಷ್ಟೇ. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಕಂತನ್ನು ಅದರಲ್ಲೇ ಚಿತ್ರೀಕರಿಸಿದರು. 2011ರಲ್ಲಿ ರಾಮ್‌ಗೋಪಾಲ್ ವರ್ಮಾ ಕ್ಯಾನನ್ 5ಡಿ ಹಿಡಿದು ತೆಲುಗಿನ ‘ದೊಂಗಲ ಮುಠಾ’ವನ್ನು ಐದೇ ದಿನದಲ್ಲಿ ಮುಗಿಸಿದರು. ಐದು ದಿನದ ಸಿನಿಮಾ ಐದು ದಿನದ ಸಿನಿಮಾದಂತೆಯೇ ಇತ್ತೆನ್ನಿ. 2023ರ ಹಾಲಿವುಡ್ ಚಿತ್ರ ‘ದಿ ಕ್ರಿಯೇಟರ್’ ಕೂಡ ಸುಮಾರು 3,900 ಡಾಲರಿನ ಸೋನಿ ಎಫ್‌ಎಕ್ಸ್3 ಕ್ಯಾಮೆರಾದಲ್ಲಿ ತಯಾರಾಯಿತು. ಆದರೆ ಚಿತ್ರದ ಒಟ್ಟು ಖರ್ಚು 8 ಕೋಟಿ ಡಾಲರ್. ಕ್ಯಾಮೆರಾ ಅಗ್ಗವಾದರೂ ಅದರ ಸುತ್ತಲಿನ ಲೆನ್ಸು, ಬೆಳಕು, ಜನ, ಸಮಯ ಯಾವುದೂ ಅಗ್ಗವಾಗಲಿಲ್ಲ.

ಹಾಗಾದರೆ ವೃತ್ತಿಯವರ ಬಳಿ ಇಂದು ಮಾರಲು ಉಳಿದಿರುವುದೇನು? 2018ರಲ್ಲಿ ನಿಕಾನ್ ಝಡ್6, ಝಡ್7 ಎಂಬ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದಾಗ ಅವುಗಳ ಚಿತ್ರದ ಗುಣವನ್ನು ಯಾರೂ ಜರೆಯಲಿಲ್ಲ. ಆದರೂ ಮದುವೆ ಛಾಯಾಗ್ರಾಹಕರು ಜಗತ್ತಿನೆಲ್ಲೆಡೆ ಗೊಣಗಿದರು. ಕಾರಣ, ಮೆಮೊರಿ ಕಾರ್ಡಿಗೆ ಒಂದೇ ಸ್ಲಾಟು. ಕಾರ್ಡು ಕೆಟ್ಟರೆ ಧಾರೆಯೂ ಹೋಯಿತು, ಮಾಂಗಲ್ಯಧಾರಣೆಯೂ ಹೋಯಿತು. ಪುರೋಹಿತರು ಮತ್ತೊಮ್ಮೆ ಮಂತ್ರ ಹೇಳುವುದಿಲ್ಲ. 2020ರಲ್ಲಿ ಎರಡನೆಯ ಆವೃತ್ತಿ ಬಂದಾಗ ನಿಕಾನ್ ಎರಡು ಸ್ಲಾಟು ಕೊಟ್ಟಿತು. ಹವ್ಯಾಸಿಗಳಿಗೆ ಈ ತಕರಾರು ಅರ್ಥವೇ ಆಗಲಿಕ್ಕಿಲ್ಲ. ವೃತ್ತಿಯವರಿಗೆ ಮೊದಲು ಕಾಣುವುದೇ ಅದು. ಚಿತ್ರ ಬಂದೇ ಬರುತ್ತದೆ ಎಂಬ ಸ್ಟುಡಿಯೋ ಕಾಲದ ಭರವಸೆ ರೂಪ ಬದಲಿಸಿಕೊಂಡು ಇಲ್ಲಿ ಉಳಿದಿದೆ. ಎರಡು ಬಾಡಿ, ಎರಡು ಕಾರ್ಡು, ಹೆಚ್ಚುವರಿ ಬ್ಯಾಟರಿ, ಆ ರಾತ್ರಿಯೇ ಎರಡು ಹಾರ್ಡ್‌ಡಿಸ್ಕಿಗೆ ನಕಲು. ಮಂಟಪದಲ್ಲಿ ಹೋಮದ ಹೊಗೆ, ವಿಡಿಯೋದವರ ಎಲ್‌ಇಡಿ ದೀಪ, ಅಡ್ಡ ಬರುವ ನೂರು ಮೊಬೈಲ್ ಕೈಗಳ ನಡುವೆ ತಾಳಿ ಕಟ್ಟುವ ಕ್ಷಣ ಎಲ್ಲಿಂದ ಕಾಣುತ್ತದೆ ಎಂದು ಮೊದಲೇ ಗೊತ್ತಿರಬೇಕು. ಆಮೇಲೆ ಸಾವಿರಾರು ಚಿತ್ರಗಳಿಂದ ಆಲ್ಬಮ್ಮಿಗೆ ಬೇಕಾದಷ್ಟನ್ನು ಆರಿಸುವ, ಯಾರಿಗೂ ಕಾಣದ ದುಡಿಮೆ. ರೋಲಿನ ಖರ್ಚು ಉಳಿದದ್ದು ಗ್ರಾಹಕರ ಲೆಕ್ಕದಲ್ಲಿದೆ. ರಾತ್ರಿ ಕಂಪ್ಯೂಟರ್ ಮುಂದೆ ಕೂರುವ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲ.

ಇನ್ನೊಂದು ಬಂಡವಾಳ ಒಡನಾಟ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಕ್ಯಾಮೆರಾಗಳ ಬಗ್ಗೆ ಮಾತಾಡಿ ಹೆಸರಾದವರಲ್ಲ. ಸಾಹಿತ್ಯ ಓದಿದವರು, ಆರ್.ಕೆ. ನಾರಾಯಣ್ ಅವರ ಸ್ನೇಹಿತರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳು ಕ್ಯಾಮೆರಾಗೆ ಹೆದರಿಲ್ಲ, ಪೋಸು ಕೊಟ್ಟಿಲ್ಲ. ಅಷ್ಟು ಹತ್ತಿರ ಹೋಗಿ, ಅಷ್ಟು ಹೊತ್ತು ಇದ್ದು, ಮನೆಯವರಲ್ಲಿ ಒಬ್ಬರಾಗುವ ವಿದ್ಯೆಯನ್ನು ಯಾವ ಸೆನ್ಸರೂ ಅಗ್ಗ ಮಾಡಿಲ್ಲ.

ಕೊನೆಗೆ ಹಕ್ಕಿನ ಮಾತು. ನಮ್ಮ ಛಾಯಾಗ್ರಾಹಕರು ಲೆನ್ಸಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ, ಇದರ ಬಗ್ಗೆ ಮಾತ್ರ ಮೌನ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಒಪ್ಪಂದ ಇಲ್ಲದಿರುವುದೇ ನಮ್ಮಲ್ಲಿ ರೂಢಿ. ಮುಂಗಡ ಕೊಟ್ಟು ಕೈ ಮುಗಿದರೆ ವ್ಯವಹಾರ ಮುಗಿಯಿತು. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯ ತೆಗೆದವರ ಜೀವಮಾನ ಮತ್ತು ಆನಂತರದ 60 ವರ್ಷ ಬಾಳುತ್ತದೆ. ಅಷ್ಟು ದೀರ್ಘ ಆಸ್ತಿಯನ್ನು ಬಾಯಿಮಾತಿನಲ್ಲಿ ಬಿಟ್ಟುಕೊಡುತ್ತಿದ್ದೇವೆ. ಕ್ಯಾಮೆರಾ ಎಲ್ಲರ ಕೈಗೂ ಬಂದ ಮೇಲೆ ವೃತ್ತಿಯವರ ನಿಜವಾದ ಆಸ್ತಿ ತೆಗೆದ ಚಿತ್ರಗಳ ರಾಶಿಯೇ ಹೊರತು ಕ್ಯಾಮೆರಾ ಅಲ್ಲ.

ಆದ್ದರಿಂದ ಈ ಸಭೆಯಲ್ಲಿರುವ ಛಾಯಾಗ್ರಾಹಕರಲ್ಲಿ ಒಂದು ವಿನಂತಿ. ಮುಂದಿನ ಕೆಲಸ ಒಪ್ಪಿಕೊಳ್ಳುವಾಗ, ಚಿತ್ರಗಳ ಹಕ್ಕು ಯಾರದು, ಎಲ್ಲೆಲ್ಲಿ ಬಳಸಬಹುದು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಪತ್ರಿಕೆಗಳ ಸಂಪಾದಕರಲ್ಲಿ, ಸ್ಮರಣ ಸಂಚಿಕೆ ತರುವವರಲ್ಲಿ, ಪುಸ್ತಕ ಪ್ರಕಾಶಕರಲ್ಲಿ ಮತ್ತೊಂದು ವಿನಂತಿ. ಅದೇ ಕಾಯ್ದೆಯ 57ನೇ ಸೆಕ್ಷನ್, ಹಕ್ಕನ್ನು ಮಾರಿದ ಮೇಲೂ ‘ಇದು ನಾನು ತೆಗೆದದ್ದು’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ತೆಗೆದವರಿಗೇ ಉಳಿಸಿದೆ. ‘ಸಂಗ್ರಹ ಚಿತ್ರ’ ಎಂದು ಅಚ್ಚು ಹಾಕುವುದನ್ನು ನಿಲ್ಲಿಸಿ, ಚಿತ್ರದ ಕೆಳಗೆ ತೆಗೆದವರ ಹೆಸರು ಹಾಕಿ.